ಸ್ಪಾರ್ಕ್ ಪ್ಲಗ್‌ಗೆ ಕಾಪರ್ ಗ್ರೀಸ್ ಬೇಕೆ?

ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಮೇಲ್ನೋಟಕ್ಕೆ ಬಲು ಸರಳವಾದ ವಸ್ತು: ನಡುವೆ ವಿದ್ಯುತ್ತನ್ನು ಸಾಗಿಸುವ ಒಂದು ಲೋಹದ ಕಡ್ಡಿ, ಅದರ ಸುತ್ತ ಬಿಳಿಯ ಪಿಂಗಾಣಿ, ಪಿಂಗಾಣಿಯನ್ನು ಹಿಡಿದಿಟ್ಟ ಉಕ್ಕಿನ ಕವಚ, ಆ ಕವಚದ ಕೆಳಭಾಗದಲ್ಲಿ ತಿರುಪಿನ ಎಳೆಗಳು, ಅಂದರೆ ಗ್ಯಾರೇಜಿನ ಮಾತಿನಲ್ಲಿ ಥ್ರೆಡ್. ಎಂಜಿನ್ನಿನ ಮುಚ್ಚಳದಂತಿರುವ ಸಿಲಿಂಡರ್ ಹೆಡ್ಡಿನೊಳಕ್ಕೆ ಪ್ಲಗ್ಗು ಕೂರುವುದು ಈ ಥ್ರೆಡ್ಡಿನ ಮೂಲಕ. ಕೂರಿಸುವ ಮುನ್ನ ಅದಕ್ಕೆ ಆ್ಯಂಟಿ-ಸೀಜ್ ಎಂಬ ಮುಲಾಮಿನಂಥ ಲೇಪವನ್ನು ಹಚ್ಚಬೇಕೆ, ಬೇಡವೆ ಎಂಬುದು ಮೆಕ್ಯಾನಿಕ್ಕುಗಳ ನಡುವೆ ಬಹುಕಾಲದಿಂದ ಬಗೆಹರಿಯದೆ ಉಳಿದಿರುವ ತಕರಾರು. ಹಚ್ಚದಿದ್ದರೆ ಮುಂದಿನ ಸಲ ಪ್ಲಗ್ಗು ಬಿಚ್ಚಿ ಬರುವುದಿಲ್ಲ ಎಂದು ಒಂದು ಪಕ್ಷ ಹೇಳಿದರೆ, ಹಚ್ಚಿದರೆ ಬಿಗಿಯ ಲೆಕ್ಕ ತಪ್ಪಿ ಥ್ರೆಡ್ಡೇ ಹಾಳಾಗುತ್ತದೆ ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ಎರಡೂ ಅನುಭವದಿಂದಲೇ ಹುಟ್ಟಿದ ಮಾತುಗಳಾದ್ದರಿಂದ, ಯಾವ ಮಾತು ಯಾವ ಪ್ಲಗ್ಗಿಗೆ, ಯಾವ ಎಂಜಿನ್ನಿಗೆ ಸಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡದೆ ಉತ್ತರ ದೊರೆಯುವುದಿಲ್ಲ.

ಆ್ಯಂಟಿ-ಸೀಜ್ ಎಂದರೆ ಒಂದರೊಳಗೊಂದು ಬಿಗಿದ ಎರಡು ಲೋಹದ ಭಾಗಗಳು ಕಾಲಾಂತರದಲ್ಲಿ ಪರಸ್ಪರ ಹಿಡಿದುಕೊಳ್ಳದಂತೆ ತಡೆಯುವ ಲೇಪ. ಗ್ರೀಸ್ ಅಥವಾ ಎಣ್ಣೆಯ ತಳಹದಿಯಲ್ಲಿ ತಾಮ್ರ, ನಿಕ್ಕಲ್, ಅಲ್ಯೂಮಿನಿಯಂ ಮೊದಲಾದ ಲೋಹಗಳ ನುಣುಪಾದ ಪುಡಿಯನ್ನೋ, ಗ್ರಾಫೈಟನ್ನೋ ಬೆರೆಸಿ ಇದನ್ನು ತಯಾರಿಸುತ್ತಾರೆ. ತಾಮ್ರ ಬೆರೆತ ಬಗೆಯೇ ಹೆಚ್ಚು ಬಳಕೆಯಲ್ಲಿರುವುದರಿಂದ ಇದಕ್ಕೆ ಕಾಪರ್ ಗ್ರೀಸ್ ಅಥವಾ ಕಾಪರ್ ಪೇಸ್ಟ್ ಎಂಬ ಹೆಸರೂ ಇದೆ. ಬಿಸಿಗೆ ಗ್ರೀಸು ಉರಿದುಹೋದ ಮೇಲೂ ಲೋಹದ ಪುಡಿ ಉಳಿದು, ಎರಡು ಮೇಲ್ಮೈಗಳ ನಡುವೆ ತೆಳುವಾದ ಪರದೆಯಂತೆ ನಿಲ್ಲುವುದೇ ಇದರ ಗುಟ್ಟು. ತಾಮ್ರದ ಬಗೆ ಸುಮಾರು 980 ಡಿಗ್ರಿ ಸೆಲ್ಸಿಯಸ್‌ವರೆಗೆ, ನಿಕ್ಕಲ್ ಬಗೆ ಸುಮಾರು 1,300 ಡಿಗ್ರಿಯವರೆಗೆ ತಾಳುತ್ತದೆ ಎಂದು ಡಬ್ಬಿಯ ಮೇಲೆ ಮುದ್ರಿಸಿರುತ್ತಾರೆ. ಈ ಅಂಕಿಗಳು ಕೊಳ್ಳುವವರ ಕಣ್ಣು ಸೆಳೆಯುವುದು ನಿಜವಾದರೂ ಪ್ಲಗ್ಗಿನ ಮಟ್ಟಿಗೆ ಅವುಗಳಿಗೆ ಹೆಚ್ಚಿನ ಅರ್ಥವಿಲ್ಲ. ನೀರಿನಿಂದಲೋ ಗಾಳಿಯಿಂದಲೋ ತಂಪಾಗುವ ಹೆಡ್ಡಿನೊಳಗೆ ಹುದುಗಿದ ಥ್ರೆಡ್ಡು ಅಷ್ಟೊಂದು ಬಿಸಿಯಾಗುವುದೇ ಇಲ್ಲ.

ಹಾಗಾದರೆ ಪ್ಲಗ್ಗು ಹಿಡಿದುಕೊಳ್ಳುವುದೇಕೆ? ಪ್ಲಗ್ಗಿನ ಕವಚ ಉಕ್ಕಿನದು, ಇಂದಿನ ಬಹುಪಾಲು ವಾಹನಗಳ ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡು ಬೇರೆ ಬೇರೆ ಲೋಹಗಳು ತೇವದ ಸಮ್ಮುಖದಲ್ಲಿ ತಾಗಿಕೊಂಡಿದ್ದರೆ ಅವುಗಳ ನಡುವೆ ಪುಟ್ಟ ಬ್ಯಾಟರಿಯಲ್ಲಿ ನಡೆಯುವಂಥದೇ ವಿದ್ಯುತ್-ರಾಸಾಯನಿಕ ಕ್ರಿಯೆ ನಡೆದು, ಎರಡರಲ್ಲಿ ಹೆಚ್ಚು ಚುರುಕಾದ ಲೋಹ, ಇಲ್ಲಿ ಅಲ್ಯೂಮಿನಿಯಂ, ಸವೆಯುತ್ತದೆ. ಸವೆದಾಗ ಹುಟ್ಟುವ ಬಿಳಿಯ ಪುಡಿ ಥ್ರೆಡ್ಡಿನ ಸಂದುಗಳಲ್ಲಿ ತುಂಬಿ ಗಾರೆಯಂತೆ ಗಟ್ಟಿಯಾಗುತ್ತದೆ. ಇದರ ಜೊತೆಗೆ ಮೆದುವಾದ ಅಲ್ಯೂಮಿನಿಯಂ ಒತ್ತಡದಲ್ಲಿ ಉಕ್ಕಿಗೆ ಉಜ್ಜಿದಾಗ ಸೂಕ್ಷ್ಮವಾಗಿ ಹರಿದು ಅದಕ್ಕೇ ಅಂಟಿಕೊಳ್ಳುವುದೂ ಉಂಟು. ದಹನಕೋಶದ ಕಡೆಯಿಂದ ಮೇಲೇರುವ ಮಸಿ, ಅಂದರೆ ಕಾರ್ಬನ್, ಕೊನೆಯ ಒಂದೆರಡು ಎಳೆಗಳನ್ನು ಮೆತ್ತಿಕೊಳ್ಳುವುದು ಮೂರನೆಯ ಕಾರಣ. ಹಳೆಯ ಬೀಡು ಕಬ್ಬಿಣದ ಹೆಡ್ಡುಗಳಲ್ಲಿ ಕಬ್ಬಿಣಕ್ಕೆ ಕಬ್ಬಿಣ ತುಕ್ಕು ಹಿಡಿದು ಸೇರಿಕೊಳ್ಳುತ್ತಿದ್ದುದು ಬೇರೆಯದೇ ತೊಂದರೆ.

ಹಿಂದೆ ಈ ಭಯಕ್ಕೆ ಅಷ್ಟಾಗಿ ಆಸ್ಪದವಿರಲಿಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ತಯಾರಿಸುತ್ತಿದ್ದ ಮೈಕೋ ಪ್ಲಗ್ಗು ಒಂದು ಕಾಲಕ್ಕೆ ಮನೆಮಾತಾಗಿತ್ತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಆ ನೆನಪು ಇನ್ನೂ ಉಳಿದಿದೆ. ಆ ಪ್ಲಗ್ಗುಗಳು ಓಡುತ್ತಿದ್ದ ಟು-ಸ್ಟ್ರೋಕ್ ಎಂಜಿನ್ನುಗಳಲ್ಲಿ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ-ಯೆಜ್ಡಿಗಳಲ್ಲಾಗಲಿ ಸ್ಕೂಟರುಗಳಲ್ಲಾಗಲಿ, ಪೆಟ್ರೋಲಿನ ಜೊತೆಗೆ ಆಯಿಲ್ ಕೂಡ ಉರಿಯುತ್ತಿದ್ದುದರಿಂದ ಪ್ಲಗ್ಗಿಗೆ ಆಗಾಗ ಮಸಿ ಕಟ್ಟುತ್ತಿತ್ತು. ಗಾಡಿ ನಿಂತ ಕಡೆಯಲ್ಲೇ ಅದನ್ನು ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಮತ್ತೆ ಹಾಕುವುದು ಸವಾರನಿಗೆ ಮಾಮೂಲಿ ಕೆಲಸವಾಗಿತ್ತು. ಪದೇ ಪದೇ ಬಿಚ್ಚುವ, ಅದರ ಮೇಲೆ ಆಯಿಲಿನ ಜಿಡ್ಡೂ ಹತ್ತಿದ ಥ್ರೆಡ್ಡು ಹಿಡಿದುಕೊಳ್ಳುವುದಾದರೂ ಹೇಗೆ? ಇಂದು ಪರಿಸ್ಥಿತಿ ತಿರುವುಮುರುವಾಗಿದೆ. ಸುಮಾರು 2,446 ಡಿಗ್ರಿಯಲ್ಲಿ ಕರಗುವ ಇರಿಡಿಯಂ ಎಂಬ ಗಟ್ಟಿ ಲೋಹದ ತುದಿಯುಳ್ಳ ಪ್ಲಗ್ಗುಗಳು ಕೆಲವು ಕಾರುಗಳಲ್ಲಿ ಒಂದು ಲಕ್ಷ ಕಿಲೋಮೀಟರಿನವರೆಗೆ ಬಾಳುತ್ತವೆ. ಅಂದರೆ ಏಳೆಂಟು ವರ್ಷ ಅಲುಗದೆ ಕೂತ ಥ್ರೆಡ್ಡನ್ನು ಒಂದು ದಿನ ಬಿಚ್ಚಬೇಕಾಗುತ್ತದೆ. ಪ್ಲಗ್ಗಿನ ಆಯುಷ್ಯ ಹೆಚ್ಚಿದಷ್ಟೂ ಬಿಚ್ಚುವವರ ಅಳುಕು ಹೆಚ್ಚಿತು, ಆ ಅಳುಕಿಗೆ ಮದ್ದಾಗಿ ಕಾಪರ್ ಗ್ರೀಸಿನ ಡಬ್ಬಿ ಗ್ಯಾರೇಜಿನ ಅಟ್ಟಣೆ ಏರಿತು.

ಆದರೆ ಈ ಅಳುಕನ್ನು ಪ್ಲಗ್ಗು ತಯಾರಕರು ಮೊದಲೇ ಊಹಿಸಿದ್ದರು. ಇಂದು ಪೇಟೆಯಲ್ಲಿ ಸಿಗುವ ಪ್ರತಿಷ್ಠಿತ ಕಂಪನಿಗಳ ಪ್ಲಗ್ಗುಗಳ ಕವಚ ಬೆಳ್ಳಗೆ, ಹೊಳಪಾಗಿ ಕಾಣುತ್ತದಷ್ಟೆ. ಆ ಹೊಳಪು ಅಲಂಕಾರಕ್ಕಾಗಿ ಬಂದದ್ದಲ್ಲ. ಅದು ಉಕ್ಕಿನ ಮೇಲೆ ಕೊಟ್ಟ ನಿಕ್ಕಲ್ ಅಥವಾ ಸತುವಿನ ತೆಳು ಲೇಪ. ಉಕ್ಕು ನೇರವಾಗಿ ಅಲ್ಯೂಮಿನಿಯಮ್ಮಿಗೆ ತಾಗದಂತೆ ನಡುವೆ ನಿಲ್ಲುವುದು, ತುಕ್ಕು ಹತ್ತದಂತೆ ಕಾಯುವುದು, ಬಿಚ್ಚುವಾಗ ಸಲೀಸಾಗಿ ಜಾರುವುದು, ಇವೆಲ್ಲವನ್ನೂ ಆ ಲೇಪವೇ ನೋಡಿಕೊಳ್ಳುತ್ತದೆ. ಹೀಗಾಗಿ ಎನ್‌ಜಿಕೆ, ಬಾಷ್‌ನಂಥ ತಯಾರಕರು ತಮ್ಮ ಲೇಪಿತ ಪ್ಲಗ್ಗುಗಳಿಗೆ ಆ್ಯಂಟಿ-ಸೀಜ್ ಅಗತ್ಯವಿಲ್ಲವೆಂದು ಹೇಳುತ್ತಾರೆ. ಥ್ರೆಡ್ಡಿಗೆ ಯಾವ ಆ್ಯಂಟಿ-ಸೀಜನ್ನೂ ಹಚ್ಚಲೇಬಾರದೆಂಬುದು ಎಸಿಡೆಲ್ಕೋದ ಸೂಚನೆ. ಲೇಪವಿಲ್ಲದ, ಕಪ್ಪು ಮೈಯ ಪ್ಲಗ್ಗುಗಳ ವಿಷಯ ಬೇರೆ. ಅಂಥವು ಈಗ ಅಪರೂಪವಾದರೂ ಹಳೆಯ ದಾಸ್ತಾನಿನಲ್ಲಿ, ಕೆಲವು ಅಗ್ಗದ ಮಾಲಿನಲ್ಲಿ ಕಾಣಸಿಗುತ್ತವೆ, ಅವುಗಳಿಗೆ ಸ್ವಲ್ಪ ಲೇಪ ಹಚ್ಚುವುದರಲ್ಲಿ ಅರ್ಥವಿದೆ. ಕಾಪರ್ ಗ್ರೀಸಿನ ಪರವಾದ ಹಳೆಯ ಮೆಕ್ಯಾನಿಕ್ಕುಗಳ ಅನುಭವ ಬಹುಮಟ್ಟಿಗೆ ಇಂಥ ಕಪ್ಪು ಪ್ಲಗ್ಗುಗಳ ಕಾಲದ್ದು. ಅನುಭವ ಸುಳ್ಳಲ್ಲ, ಆದರೆ ಅದು ಹುಟ್ಟಿದ ವಸ್ತು ಈಗ ಬದಲಾಗಿದೆ.

ಅಗತ್ಯವಿಲ್ಲ ಎಂದ ಮಾತ್ರಕ್ಕೆ ಹಚ್ಚಿದರೆ ಕೇಡೇನು ಎಂದು ಕೇಳಬಹುದು. ಈ ವಿವಾದದ ತಿರುಳು ಇರುವುದು ಈ ಪ್ರಶ್ನೆಯಲ್ಲೇ. ಉತ್ತರಕ್ಕಾಗಿ ಬಿಗಿಯುವುದು ಎಂದರೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಾನಾ ಹಿಡಿದು ತಿರುಗಿಸುವ ಬಲವನ್ನು ಟಾರ್ಕ್ ಎನ್ನುತ್ತಾರೆ, ಅದನ್ನು ನ್ಯೂಟನ್-ಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಒಂದು ಕಿಲೋ ತೂಕ ನೇತುಹಾಕಿದರೆ ಆಗುವ ಟಾರ್ಕ್ ಸುಮಾರು 9.8 ನ್ಯೂಟನ್-ಮೀಟರ್, 25 ನ್ಯೂಟನ್-ಮೀಟರ್ ಎಂದರೆ ಕಾಲು ಮೀಟರ್ ಉದ್ದದ ಹಿಡಿಯ ತುದಿಯನ್ನು ಹತ್ತು ಕಿಲೋ ಭಾರದಷ್ಟು ಬಲದಿಂದ ಒತ್ತಿದಂತೆ. ಆದರೆ ಪ್ಲಗ್ಗನ್ನು ಅದರ ಜಾಗದಲ್ಲಿ ಹಿಡಿದಿಡುವುದು ಈ ತಿರುಗುಬಲವಲ್ಲ. ತಿರುಗಿಸಿದಾಗ ಥ್ರೆಡ್ಡಿನ ಇಳಿಜಾರಿನ ಮೇಲೆ ಪ್ಲಗ್ಗು ಕೆಳಕ್ಕೆ ಸರಿದು, ಅದರ ಕವಚ ಅತಿ ಸೂಕ್ಷ್ಮವಾಗಿ ಸ್ಪ್ರಿಂಗಿನಂತೆ ಎಳೆಯಲ್ಪಟ್ಟು, ಆ ಸೆಳೆತವೇ ಪ್ಲಗ್ಗನ್ನು ಹೆಡ್ಡಿಗೆ ಅದುಮಿ ಹಿಡಿಯುತ್ತದೆ. ತಂತ್ರಜ್ಞರಿಗೆ ಬೇಕಾದದ್ದು ಈ ಸೆಳೆತ. ಅದನ್ನು ನೇರವಾಗಿ ಅಳೆಯಲು ಗ್ಯಾರೇಜಿನಲ್ಲಿ ಸಾಧನವಿಲ್ಲದ ಕಾರಣ ಟಾರ್ಕನ್ನು ಅಳೆದು ಸೆಳೆತವನ್ನು ಅಂದಾಜು ಮಾಡಿಕೊಳ್ಳುತ್ತಾರೆ.

ಈ ಅಂದಾಜಿನ ನಡುವೆ ನಿಂತಿರುವುದು ಘರ್ಷಣೆ. ಯಾವುದೇ ಬೋಲ್ಟನ್ನು ಒಣಗಿದ ಥ್ರೆಡ್ಡಿನಲ್ಲಿ ಬಿಗಿಯುವಾಗ ವ್ಯಯವಾಗುವ ಟಾರ್ಕಿನಲ್ಲಿ ಸುಮಾರು ಅರ್ಧದಷ್ಟು ತಲೆಯ ಕೆಳಗಿನ ಉಜ್ಜುವಿಕೆಗೆ, ಶೇ. 40ರಷ್ಟು ಥ್ರೆಡ್ಡಿನೊಳಗಿನ ಉಜ್ಜುವಿಕೆಗೆ ಹೋಗಿ, ನಿಜವಾದ ಸೆಳೆತವಾಗಿ ಪರಿಣಮಿಸುವುದು ಶೇ. 10 ಮಾತ್ರ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ತೊಂಬತ್ತು ಪಾಲು ಘರ್ಷಣೆಗೆ ಹೋಗುವ ಕಡೆ ಆ ಘರ್ಷಣೆಯನ್ನೇ ತಗ್ಗಿಸುವ ಜಿಡ್ಡನ್ನು ಸೇರಿಸಿದರೆ, ಅದೇ ಟಾರ್ಕಿಗೆ ಸೆಳೆತ ಎಷ್ಟು ಏರಬಹುದೆಂಬುದನ್ನು ಸುಲಭವಾಗಿ ಊಹಿಸಬಹುದು. ಲೆಕ್ಕ ಹಾಕಿಯೂ ನೋಡಬಹುದು. ಟಾರ್ಕನ್ನು ತಿರುಪಿನ ವ್ಯಾಸದಿಂದಲೂ ಘರ್ಷಣೆಯನ್ನು ಸೂಚಿಸುವ ಒಂದು ಅಂಕಿಯಿಂದಲೂ ಭಾಗಿಸಿದರೆ ಸೆಳೆತ ಸಿಗುತ್ತದೆ. ಒಣ ಥ್ರೆಡ್ಡಿಗೆ ಆ ಅಂಕಿಯನ್ನು 0.2 ಎಂದೂ ಜಿಡ್ಡು ಹಚ್ಚಿದ್ದಕ್ಕೆ 0.15 ಎಂದೂ ಹಿಡಿಯುವುದು ವಾಡಿಕೆ. 14 ಮಿಲಿಮೀಟರ್ ವ್ಯಾಸದ ಪ್ಲಗ್ಗನ್ನು 25 ನ್ಯೂಟನ್-ಮೀಟರಿಗೆ ಒಣಗಿದಂತೆಯೇ ಬಿಗಿದರೆ ಸೆಳೆತ ಸುಮಾರು 8,900 ನ್ಯೂಟನ್, ಅಂದರೆ ಒಂಬತ್ತು ಕ್ವಿಂಟಾಲ್ ಭಾರಕ್ಕೆ ಸಮ. ಜಿಡ್ಡು ಹಚ್ಚಿ ಅಷ್ಟೇ ಟಾರ್ಕಿಗೆ ಬಿಗಿದರೆ ಅದು ಸುಮಾರು 11,900 ನ್ಯೂಟನ್, ಅಂದರೆ ಹನ್ನೆರಡು ಕ್ವಿಂಟಾಲ್. ಪಾನಾ ತೋರಿಸುವ ಅಂಕಿ ಬದಲಾಗದೆ ಪ್ಲಗ್ಗಿನ ಮೇಲಿನ ಭಾರ ಮೂರನೇ ಒಂದರಷ್ಟು ಏರಿತು. ತಯಾರಕರ ಕೋಷ್ಟಕದಲ್ಲಿರುವ ಟಾರ್ಕ್ ಒಣ ಥ್ರೆಡ್ಡಿಗೆ ಬರೆದದ್ದು. ಅದಕ್ಕೆ ಜಿಡ್ಡು ಸೇರಿಸುವವನು ಆ ಕೋಷ್ಟಕವನ್ನು ತಾನೇ ತಿದ್ದಿಕೊಳ್ಳಬೇಕಾಗುತ್ತದೆ. ಲೇಪ ಹಚ್ಚಲೇಬೇಕಾದರೆ ಟಾರ್ಕನ್ನು ಶೇ. 30ರ ಆಸುಪಾಸು ಇಳಿಸಬೇಕೆಂದು ಸಾಮಾನ್ಯವಾಗಿ ಹೇಳುವುದರ ಹಿಂದಿರುವುದು ಇದೇ ಗಣಿತ.

ಇಲ್ಲಿನ ಗ್ಯಾರೇಜುಗಳಲ್ಲಿ ಟಾರ್ಕ್ ಅಳೆಯುವ ಪಾನಾ, ಅಂದರೆ ಟಾರ್ಕ್ ರೆಂಚ್, ಹೊರಬರುವುದೇ ಅಪರೂಪವಾದ್ದರಿಂದ ಈ ಲೆಕ್ಕವೆಲ್ಲ ಪುಸ್ತಕದ ಬದನೆಕಾಯಿ ಎಂಬ ವಾದವೂ ಇದೆ. ಪಳಗಿದ ಕೈಗೆ ಬಿಗಿ ತಾನಾಗಿಯೇ ತಿಳಿಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಾವಿರಾರು ಪ್ಲಗ್ಗುಗಳನ್ನು ಹಾಕಿದ ಕೈ ಅಚ್ಚರಿಪಡುವಷ್ಟು ಕರಾರುವಾಕ್ಕಾಗಿರಬಲ್ಲದು. ಆದರೆ ಆ ಕೈ ಅಳೆಯುತ್ತಿರುವುದೂ ಟಾರ್ಕನ್ನೇ. ಕೈಗೆ ತಿಳಿಯುವುದು ತಿರುಗಿಸುವಾಗಿನ ತಡೆ ಮಾತ್ರ, ಕವಚದೊಳಗಿನ ಸೆಳೆತ ಕೈಗೆ ತಿಳಿಯುವುದಿಲ್ಲ. ಒಣ ಥ್ರೆಡ್ಡಿನಲ್ಲಿ ಪಳಗಿದ ಕೈ ಜಿಡ್ಡು ಹಚ್ಚಿದ ಥ್ರೆಡ್ಡಿನಲ್ಲಿ ತಡೆ ಸಾಲದೆಂದು ಭಾವಿಸಿ ಇನ್ನೊಂದಿಷ್ಟು ಒತ್ತುತ್ತದೆ. ಯಂತ್ರ ಮೋಸಹೋದಂತೆಯೇ ಕೈಯೂ ಮೋಸಹೋಗುತ್ತದೆ, ಕೆಲವೊಮ್ಮೆ ಯಂತ್ರಕ್ಕಿಂತ ಹೆಚ್ಚಾಗಿಯೇ. ಟಾರ್ಕ್ ರೆಂಚ್ ಇಲ್ಲದ ಕಡೆ ಕಾಪರ್ ಗ್ರೀಸಿನಿಂದ ಅಪಾಯ ಕಡಿಮೆಯಲ್ಲ, ಹೆಚ್ಚು.

ಅತಿಯಾದ ಬಿಗಿಯ ಫಲವನ್ನು ಮೊದಲು ಉಣ್ಣುವುದು ಮೆದುವಾದ ಅಲ್ಯೂಮಿನಿಯಂ ಥ್ರೆಡ್ಡು. ಎಳೆಗಳು ಒಮ್ಮೆ ಕಿತ್ತುಬಂದರೆ ಹೆಡ್ಡನ್ನು ಇಳಿಸಿ, ಲೇತ್ ಅಂಗಡಿಗೆ ಕೊಂಡೊಯ್ದು, ತೂತನ್ನು ದೊಡ್ಡದು ಮಾಡಿಸಿ ಬುಷ್ ಹಾಕಿಸಬೇಕು, ಇಲ್ಲವೆ ಹೆಲಿಕಾಯಿಲ್ ಎಂಬ ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸಬೇಕು. ಕೆಲವು ನೂರು ರೂಪಾಯಿಯ ಪ್ಲಗ್ಗಿಗಾಗಿ ಸಾವಿರಗಟ್ಟಲೆ ತೆರಬೇಕಾಗುತ್ತದೆ. ಥ್ರೆಡ್ಡು ಉಳಿದರೂ ಪ್ಲಗ್ಗಿನ ಕವಚ ಅಳತೆ ಮೀರಿ ಎಳೆದುಕೊಂಡು, ಪಿಂಗಾಣಿಗೂ ಕವಚಕ್ಕೂ ನಡುವಿನ ಅನಿಲಬಂಧ ಸಡಿಲಗೊಳ್ಳಬಹುದು. ಆಗ ದಹನಕೋಶದ ಬಿಸಿ ಅನಿಲ ಪ್ಲಗ್ಗಿನೊಳಗಿಂದಲೇ ಸೋರುತ್ತದೆ, ಪ್ಲಗ್ಗಿನ ಬಿಸಿ ಹೆಡ್ಡಿಗೆ ಸರಿಯಾಗಿ ಹರಿಯುವುದಿಲ್ಲ. ಕವಚದ ಸಪೂರವಾದ ಭಾಗ ಮುರಿದು ಥ್ರೆಡ್ಡು ಹೆಡ್ಡಿನೊಳಗೇ ಉಳಿಯುವುದು ಇನ್ನೂ ಕೆಟ್ಟ ಸ್ಥಿತಿ. ಹಿಡಿದುಕೊಳ್ಳದಿರಲೆಂದು ಹಚ್ಚಿದ ಲೇಪದಿಂದಲೇ ಪ್ಲಗ್ಗು ಮುರಿದುಕೊಂಡರೆ ಅದಕ್ಕಿಂತ ವಿಪರ್ಯಾಸ ಬೇರೆ ಬೇಕೆ? ಸಣ್ಣ ಪ್ಲಗ್ಗುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ನಮ್ಮ ಬೀದಿಗಳಲ್ಲಿ ಓಡುವ ನೂರು-ನೂರಿಪ್ಪತ್ತೈದು ಸಿಸಿಯ ಅನೇಕ ಬೈಕು-ಸ್ಕೂಟರುಗಳ ಪ್ಲಗ್ಗಿನ ಥ್ರೆಡ್ಡು 10 ಮಿಲಿಮೀಟರ್ ವ್ಯಾಸದ್ದು. ಅಂಥ ಪ್ಲಗ್ಗಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಬಿಗಿ 10ರಿಂದ 12 ನ್ಯೂಟನ್-ಮೀಟರ್ ಮಾತ್ರ, ಅಂದರೆ ಕಾರಿನ ದೊಡ್ಡ ಪ್ಲಗ್ಗಿನ ಅರ್ಧಕ್ಕಿಂತ ಕಡಿಮೆ. ಅಲ್ಲಿ ತಪ್ಪಿಗೆ ಇರುವ ಜಾಗವೇ ಕಿರಿದು.

ಲೇಪದ ಇನ್ನೊಂದು ತೊಂದರೆ ಅದು ಹರಿಯುವ ದಾರಿಯಿಂದ ಬರುತ್ತದೆ. ಧಾರಾಳವಾಗಿ ಹಚ್ಚಿದ ಲೇಪ ತಿರುಗಿಸುವಾಗ ಎಳೆಗಳ ಗುಂಟ ಕೆಳಕ್ಕೆ ತಳ್ಳಲ್ಪಟ್ಟು ಪ್ಲಗ್ಗಿನ ತುದಿಗೆ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವುದು ಲೋಹದ ಪುಡಿಯಾದ್ದರಿಂದ, ಕಿಡಿ ಹಾರಬೇಕಾದ ಸಂದಿನಲ್ಲೋ ಪಿಂಗಾಣಿಯ ಮೂಗಿನ ಮೇಲೋ ಅದು ಕೂತರೆ ವಿದ್ಯುತ್ತು ಕಿಡಿಯಾಗದೆ ಅಡ್ಡದಾರಿ ಹಿಡಿದು ಸೋರಿಹೋಗಬಹುದು, ಎಂಜಿನ್ನು ಮಿಸ್ ಹೊಡೆಯಬಹುದು. ಲೇಪ ಹಚ್ಚಿದರೆ ಪ್ಲಗ್ಗಿಗೆ ಅರ್ಥ್ ಸಿಗುವುದಿಲ್ಲ ಎಂಬ ಇನ್ನೊಂದು ಆಕ್ಷೇಪ ಮಾತ್ರ ಅಷ್ಟು ಗಟ್ಟಿಯಾದುದಲ್ಲ. ಬಿಗಿದ ಥ್ರೆಡ್ಡಿನಲ್ಲಿ ಲೋಹಕ್ಕೆ ಲೋಹ ಅಲ್ಲಲ್ಲಿ ತಾಗಿಯೇ ಇರುತ್ತದೆ, ಸಾವಿರಾರು ವೋಲ್ಟಿನ ಕಿಡಿಗೆ ಅಷ್ಟು ದಾರಿ ಸಾಕು. ಲೇಪವನ್ನು ವಿರೋಧಿಸುವ ಹುಮ್ಮಸ್ಸಿನಲ್ಲಿ ಇಂಥ ದುರ್ಬಲ ಕಾರಣಗಳನ್ನೂ ಸೇರಿಸುವುದರಿಂದ ನಿಜವಾದ ಕಾರಣದ ತೂಕವೇ ಕಡಿಮೆಯಾಗುತ್ತದೆ.

ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ಅಮೆರಿಕದ ಫೋರ್ಡ್ ಕಂಪನಿಯ ಟ್ರೈಟನ್ ಎಂಜಿನ್ನುಗಳ ಕಥೆ ಅದನ್ನು ಎರಡು ಕಡೆಯಿಂದ ಎಳೆದು ನೋಡುವಂತಿದೆ. ಆ ಕುಟುಂಬದ ಮೊದಲಿನ, ಸಿಲಿಂಡರಿಗೆ ಎರಡು ವಾಲ್ವುಗಳ ಎಂಜಿನ್ನುಗಳಲ್ಲಿ ಪ್ಲಗ್ಗನ್ನು ಹಿಡಿಯಲು ಹೆಡ್ಡಿನಲ್ಲಿದ್ದುದು ಸುಮಾರು ನಾಲ್ಕು ಎಳೆ ಮಾತ್ರ. ಅಷ್ಟು ಅಲ್ಪ ಹಿಡಿತ ಸೋತು, ದಹನದ ಒತ್ತಡಕ್ಕೆ ಪ್ಲಗ್ಗು ಬಂದೂಕಿನ ಗುಂಡಿನಂತೆ ಹೊರಕ್ಕೆ ಚಿಮ್ಮಿದ ಪ್ರಸಂಗಗಳಿಂದ ಅವು ಕುಖ್ಯಾತವಾದವು. ಮುಂದೆ 2004ರಿಂದ 2008ರವರೆಗಿನ ಎಫ್-150 ಟ್ರಕ್ಕುಗಳಲ್ಲಿ ಬಂದ, ಸಿಲಿಂಡರಿಗೆ ಮೂರು ವಾಲ್ವುಗಳುಳ್ಳ 5.4 ಲೀಟರಿನ ಎಂಜಿನ್ನಿನಲ್ಲಿ ತೊಂದರೆ ತಿರುಗಿ ನಿಂತಿತು, ಪ್ಲಗ್ಗು ಹೊರಗೆ ಬರಲೇ ಒಲ್ಲದು. ಆ ಪ್ಲಗ್ಗಿನ ಥ್ರೆಡ್ಡಿನ ಕೆಳಗೆ ಉದ್ದನೆಯ, ಸಪೂರವಾದ ಕೊಳವೆಯೊಂದು ದಹನಕೋಶದವರೆಗೆ ಚಾಚಿಕೊಂಡಿತ್ತು. ಕೊಳವೆಗೂ ಹೆಡ್ಡಿಗೂ ನಡುವಿನ ಕಿರಿದಾದ ಸಂದಿನಲ್ಲಿ ವರ್ಷಗಟ್ಟಲೆ ಮಸಿ ತುಂಬಿ ಕಲ್ಲಾಗುತ್ತಿತ್ತು. ಪ್ಲಗ್ಗಿನ ಕವಚ ಎರಡು ತುಂಡುಗಳನ್ನು ಅಮುಕಿ ಜೋಡಿಸಿದ್ದಾಗಿದ್ದರಿಂದ ತಿರುಗಿಸಿದಾಗ ಮೇಲಿನ ತುಂಡು ಕೈಗೆ ಬಂದು ಕೊಳವೆ ಒಳಗೇ ಉಳಿಯುತ್ತಿತ್ತು. ಇದಕ್ಕಾಗಿ ಫೋರ್ಡ್ ಕಂಪನಿ ಮೆಕ್ಯಾನಿಕ್ಕುಗಳಿಗೆ ಹೊರಡಿಸಿದ ಸೂಚನೆಯಲ್ಲಿ, ಹೊಸ ಪ್ಲಗ್ಗು ಹಾಕುವಾಗ ಆ ಕೊಳವೆಯ ಮೈಗೆ ನಿಕ್ಕಲ್ ಬಗೆಯ ಆ್ಯಂಟಿ-ಸೀಜನ್ನು ತೆಳುವಾಗಿ ಹಚ್ಚಬೇಕು, ತುದಿಯ ಎಲೆಕ್ಟ್ರೋಡಿಗೆ ತಾಗಿಸಬಾರದು ಎಂದು ಹೇಳಿತ್ತು. ಗಮನಿಸಬೇಕಾದದ್ದು ಏನೆಂದರೆ, ಲೇಪ ಹಚ್ಚಲು ಹೇಳಿದ್ದು ಕೊಳವೆಗೆ, ಥ್ರೆಡ್ಡಿಗಲ್ಲ. ಹಿಡಿದುಕೊಳ್ಳುತ್ತಿದ್ದ ಜಾಗ ಯಾವುದೋ ಅಲ್ಲಿಗೆ ಮಾತ್ರ. ಆ್ಯಂಟಿ-ಸೀಜಿನ ಪರವಾಗಿ ಮತ್ತೆ ಮತ್ತೆ ಉದಾಹರಿಸಲ್ಪಡುವ ಈ ಪ್ರಸಂಗ ಕೂಡ, ಹತ್ತಿರದಿಂದ ನೋಡಿದಾಗ, ಥ್ರೆಡ್ಡಿಗೆ ಲೇಪ ಬೇಡವೆಂಬ ಮಾತನ್ನು ಅಲ್ಲಗಳೆಯುವುದಿಲ್ಲ.

ನಿಜವಾದ ಅಪವಾದವಿರುವುದು ವಿಮಾನಗಳಲ್ಲಿ. ತರಬೇತಿಗೆ ಬಳಸುವ ಚಿಕ್ಕ ವಿಮಾನಗಳ ಪಿಸ್ಟನ್ ಎಂಜಿನ್ನುಗಳಲ್ಲಿ ಪ್ಲಗ್ಗಿನ ಥ್ರೆಡ್ಡು 18 ಮಿಲಿಮೀಟರ್ ವ್ಯಾಸದ್ದು. ಅಲ್ಲಿ ಪ್ಲಗ್ಗುಗಳನ್ನು ಸವೆಯುವವರೆಗೆ ಬಿಡದೆ, ನಿಗದಿತ ಹಾರಾಟದ ಗಂಟೆಗಳಿಗೊಮ್ಮೆ ಬಿಚ್ಚಿ, ಪರೀಕ್ಷಿಸಿ, ಸ್ವಚ್ಛ ಮಾಡಿ ಮರಳಿ ಹಾಕುತ್ತಾರೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಮೊದಲೇ ಉಕ್ಕಿನ ಸುರುಳಿಯನ್ನು ಕೂರಿಸಿರುವುದರಿಂದ ಪ್ಲಗ್ಗಿನ ಉಕ್ಕು ಉಕ್ಕಿನ ಎಳೆಗಳಲ್ಲೇ ತಿರುಗುತ್ತದೆ. ಇಂಥ ಎಂಜಿನ್ನುಗಳ ಪ್ರಮುಖ ತಯಾರಕನಾದ ಲೈಕಮಿಂಗ್ ಕಂಪನಿ ಥ್ರೆಡ್ಡಿಗೆ ತಾಮ್ರದ ಬಗೆಯ ಆ್ಯಂಟಿ-ಸೀಜನ್ನೋ ಎಂಜಿನ್ ಆಯಿಲನ್ನೋ ಹಚ್ಚಲು ಹೇಳುತ್ತದೆ, ತುದಿಯ ಮೊದಲ ಎರಡು ಎಳೆಗಳನ್ನು ಬಿಟ್ಟು. ಅಲ್ಲಿನ ಟಾರ್ಕಿನ ಅಂಕಿಯೂ ಹೀಗೆ ಲೇಪ ಹಚ್ಚಿದ ಥ್ರೆಡ್ಡಿಗೆಂದೇ ನಿಗದಿಯಾದದ್ದು. ಕಾರಿನಲ್ಲಿ ಬೇಡವಾದದ್ದು ವಿಮಾನದಲ್ಲಿ ಬೇಕಾದದ್ದು ಹೇಗೆ ಎಂದರೆ, ಎರಡೂ ಕಡೆ ಪಾಲಿಸಿದ್ದು ಒಂದೇ ನಿಯಮ: ಟಾರ್ಕಿನ ಅಂಕಿ ಯಾವ ಸ್ಥಿತಿಯ ಥ್ರೆಡ್ಡಿಗೆ ಬರೆಯಲ್ಪಟ್ಟಿದೆಯೋ ಆ ಸ್ಥಿತಿಯಲ್ಲೇ ಬಿಗಿಯಬೇಕು. ಇದೇ ರೀತಿ, 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ನಂತರ ದ್ವಿಚಕ್ರ ವಾಹನಗಳಲ್ಲೂ ಸಾಮಾನ್ಯವಾದ ಆಕ್ಸಿಜನ್ ಸೆನ್ಸರ್, ಅಂದರೆ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಉಪಕರಣ, ಸುಡುವ ಸೈಲೆನ್ಸರ್ ಪೈಪಿನಲ್ಲಿ ಕೂರುವುದರಿಂದ ಅದರ ಥ್ರೆಡ್ಡಿಗೆ ಕಾರ್ಖಾನೆಯಲ್ಲೇ ಆ್ಯಂಟಿ-ಸೀಜ್ ಹಚ್ಚಿ ಕಳಿಸುವುದುಂಟು. ಅದನ್ನು ಕಂಡವರು ಪ್ಲಗ್ಗಿಗೂ ಹಾಗೆಯೇ ಎಂದುಕೊಳ್ಳಬೇಕಾಗಿಲ್ಲ.

ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಗಳ ಪ್ಲಗ್ಗು ತುಕ್ಕು ಹಿಡಿಯುವುದನ್ನು ಕಂಡವರಿಗೆ ಲೇಪದ ಮೇಲಿನ ಮಮತೆ ಸಹಜ. ಆದರೆ ಆ ತುಕ್ಕು ಕಾಣಿಸುವುದು ಸಾಮಾನ್ಯವಾಗಿ ಪಾನಾ ಕೂರುವ ಆರು ಮೂಲೆಯ ಭಾಗದಲ್ಲಿ, ಅಂದರೆ ಗ್ಯಾಸ್ಕೆಟ್ಟಿನ ಮೇಲ್ಗಡೆ. ಗ್ಯಾಸ್ಕೆಟ್ ಎಂದರೆ ಪ್ಲಗ್ಗು ಕೂರುವಲ್ಲಿ ಅಮುಕಿಕೊಂಡು ಸೋರಿಕೆ ತಡೆಯುವ ಲೋಹದ ಬಳೆ. ಅದು ಸರಿಯಾಗಿ ಕೂತಿದ್ದರೆ ಮೇಲಿನ ನೀರು ಥ್ರೆಡ್ಡಿಗೆ ಇಳಿಯುವುದಿಲ್ಲ. ಥ್ರೆಡ್ಡಿಗೆ ಹಚ್ಚಿದ ಲೇಪ ಮೇಲಿನ ತುಕ್ಕನ್ನು ತಡೆಯಲಾರದು. ಅಲ್ಲಿ ಬೇಕಾದದ್ದು ಹರಿಯದ ಪ್ಲಗ್ ಕ್ಯಾಪು, ನೀರು ಹರಿದುಹೋಗಲು ಹೆಡ್ಡಿನಲ್ಲಿ ಸಣ್ಣ ತೂತು ಇದ್ದರೆ ಅದರಲ್ಲಿ ಕೆಸರು ತುಂಬದಂತೆ ನೋಡಿಕೊಳ್ಳುವುದು.

ಪ್ಲಗ್ಗುಗಳು ಹಾಳಾಗುವುದರಲ್ಲಿ ಲೇಪದ ಇರುವಿಕೆ-ಇಲ್ಲದಿರುವಿಕೆಗಿಂತ ಹಾಕುವ-ಬಿಚ್ಚುವ ಕ್ರಮದ ಪಾಲೇ ದೊಡ್ಡದು. ಬಿಸಿ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಥ್ರೆಡ್ಡು ಹರಿಯುವ ಸಂಭವ ಹೆಚ್ಚಿರುವುದರಿಂದ ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚಬೇಕು. ಬಿಚ್ಚುವ ಮೊದಲು ಪ್ಲಗ್ಗಿನ ಸುತ್ತಲಿನ ಧೂಳು-ಮರಳನ್ನು ಗಾಳಿ ಹೊಡೆದು ತೆಗೆಯಬೇಕು, ಇಲ್ಲವಾದರೆ ಅದು ಥ್ರೆಡ್ಡಿಗೂ ಸಿಲಿಂಡರಿಗೂ ಇಳಿಯುತ್ತದೆ. ಪ್ಲಗ್ಗು ಹಟ ಹಿಡಿದರೆ ಒಂದೇ ಸಮನೆ ಬಲ ಹಾಕದೆ, ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಟ್ಟು, ಅದು ಇಳಿಯಲು ಸಮಯ ಕೊಟ್ಟು, ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿದು, ಹೀಗೆ ಹಿಂದೆ-ಮುಂದೆ ಆಡಿಸುತ್ತ ತೆಗೆಯುವುದು ಉತ್ತಮ. ಹೊಸದನ್ನು ಹಾಕುವಾಗ ಪಾನಾಕ್ಕೆ ಮೊದಲು ಕೈ ಹಾಕಲೇಬಾರದು. ಪ್ಲಗ್ಗಿನ ತಲೆಗೆ ಗೇಣುದ್ದದ ಪೆಟ್ರೋಲ್ ಪೈಪಿನ ತುಂಡನ್ನು ಸಿಕ್ಕಿಸಿ, ಬೆರಳುಗಳಲ್ಲಿ ಆ ಪೈಪನ್ನು ತಿರುಗಿಸುತ್ತ ಕೂರಿಸುವುದು ಹಳೆಯ, ನಂಬಬಹುದಾದ ಉಪಾಯ: ಎಳೆ ಎಳೆಗೆ ಸರಿಯಾಗಿ ಕೂಡಿಕೊಂಡರೆ ಪ್ಲಗ್ಗು ಸಲೀಸಾಗಿ ಇಳಿಯುತ್ತದೆ, ಓರೆಯಾಗಿ ಹತ್ತಿದರೆ ಪೈಪು ಜಾರಿ ತಾನೇ ಎಚ್ಚರಿಸುತ್ತದೆ.

ಬೆರಳಿನ ಬಲಕ್ಕೆ ಪ್ಲಗ್ಗು ಪೂರ್ತಿ ಇಳಿದು ನಿಂತ ಮೇಲೆ ಪಾನಾದ ಕೆಲಸ. ಇಲ್ಲಿ ಟಾರ್ಕ್ ರೆಂಚ್ ಇಲ್ಲದವರಿಗೂ ತಯಾರಕರು ಒಂದು ದಾರಿ ತೋರಿಸಿದ್ದಾರೆ, ಅದು ಕೋನದ ಅಳತೆ. ಗ್ಯಾಸ್ಕೆಟ್ ಇರುವ ಹೊಸ ಪ್ಲಗ್ಗನ್ನು ಸಾಮಾನ್ಯವಾಗಿ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತಿನವರೆಗೆ, ಅಂದರೆ ಗಡಿಯಾರದ ನಿಮಿಷದ ಮುಳ್ಳು 30ರಿಂದ 40 ನಿಮಿಷ ಚಲಿಸುವಷ್ಟು ತಿರುಗಿಸಬೇಕು. ಬಿಚ್ಚಿ ಸ್ವಚ್ಛ ಮಾಡಿ ಮರಳಿ ಹಾಕುವ ಪ್ಲಗ್ಗಿನ ಗ್ಯಾಸ್ಕೆಟ್ ಮೊದಲೇ ಅಮುಕಿಕೊಂಡಿರುವುದರಿಂದ ಹನ್ನೆರಡನೇ ಒಂದು ಸುತ್ತು, ಅಂದರೆ ಐದು ನಿಮಿಷದಷ್ಟು ಸಾಕು. ಗ್ಯಾಸ್ಕೆಟ್ ಇಲ್ಲದೆ ಶಂಕುವಿನಾಕಾರದ ಮೈಯ ಮೇಲೆ ಕೂರುವ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು, ನಾಲ್ಕು ನಿಮಿಷಕ್ಕೂ ಕಡಿಮೆ. ಹಳೆಯ ಪ್ಲಗ್ಗನ್ನು ಹೊಸದರಂತೆ ಅರ್ಧ ಸುತ್ತು ತಿರುಗಿಸಿ ಥ್ರೆಡ್ಡು ಕೆಡಿಸಿಕೊಳ್ಳುವುದು ಇಲ್ಲಿ ಸುಲಭವಾಗಿ ನಡೆಯುವ ತಪ್ಪು. ಕೋನದ ಅಳತೆಗೆ ಟಾರ್ಕಿಗಿಲ್ಲದ ಒಂದು ಹಿರಿಮೆಯೂ ಇದೆ: ಎಷ್ಟು ಸುತ್ತಿಗೆ ಪ್ಲಗ್ಗು ಎಷ್ಟು ಕೆಳಗೆ ಸರಿಯುತ್ತದೆಂಬುದನ್ನು ನಿರ್ಧರಿಸುವುದು ಎಳೆಗಳ ಅಂತರವೇ ಹೊರತು ಘರ್ಷಣೆಯಲ್ಲವಾದ್ದರಿಂದ, ಥ್ರೆಡ್ಡು ಒಣಗಿರಲಿ, ಜಿಡ್ಡಾಗಿರಲಿ, ಅದು ಅಷ್ಟಾಗಿ ಮೋಸಹೋಗುವುದಿಲ್ಲ. ಅತಿಬಿಗಿಯ ಭಯದಿಂದ ಸಡಿಲವಾಗಿ ಬಿಡುವುದೂ ತಪ್ಪೇ. ಸಡಿಲ ಪ್ಲಗ್ಗಿನ ಬಿಸಿ ಹೆಡ್ಡಿಗೆ ಹರಿಯದೆ ಅದರ ತುದಿ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ನಿಗೇ ಪೆಟ್ಟಾಗಬಹುದು.

ಬಿಳಿಯ ಹೊಳಪಿನ ಲೇಪವಿರುವ ಪ್ಲಗ್ಗಿಗೆ, ವಾಹನದ ಕೈಪಿಡಿ ಬೇರೆ ಹೇಳದ ಹೊರತು, ಕಾಪರ್ ಗ್ರೀಸ್ ಬೇಡ; ಸ್ವಚ್ಛವಾದ, ಒಣಗಿದ ಥ್ರೆಡ್ಡೇ ಸರಿ. ಕಪ್ಪು ಮೈಯ ಪ್ಲಗ್ಗನ್ನೇ ಹಾಕಬೇಕಾಗಿ ಬಂದರೆ ನಡುವಿನ ಎಳೆಗಳಿಗೆ ಮಾತ್ರ ಬೆರಳ ತುದಿಯಷ್ಟು ಲೇಪ ಸವರಿ, ಬಿಗಿಯನ್ನು ಮೂರನೇ ಒಂದರಷ್ಟು ತಗ್ಗಿಸಬೇಕು. ಗಾಡಿಯನ್ನು ಸರ್ವೀಸಿಗೆ ಬಿಡುವ ಓದುಗರು ಹೊಸ ಪ್ಲಗ್ಗಿನ ಪೆಟ್ಟಿಗೆಯನ್ನು ಎಸೆಯದೆ ಕೊಡುವಂತೆ ಕೇಳಿ ಪಡೆಯುವುದು ಒಳ್ಳೆಯದು. ಎಷ್ಟು ಸುತ್ತು ಬಿಗಿಯಬೇಕೆಂಬ ಚಿತ್ರ ಎಷ್ಟೋ ಪೆಟ್ಟಿಗೆಗಳ ಮೇಲೆಯೇ ಮುದ್ರಿತವಾಗಿರುತ್ತದೆ.